ಕೆಮ್ಮಣ್ಣು ಹಚ್ಚದ ಕೋಳಿ

ಒಂದು ಕಾಡಿನಲ್ಲಿ ಆ ವರ್ಷ ಬಿದಿರು ಹೂ ಬಿಟ್ಟು, ಬಿದಿರಕ್ಕಿ ಉದುರಿ ನೆಲವೆಲ್ಲ ತುಂಬಿತ್ತು. ಅಲ್ಲಿನ ಕಾಡುಕೋಳಿಗಳಿಗೆ ಹೊಟ್ಟೆ ತುಂಬ ಊಟ ಸಿಗುತ್ತಿತ್ತು. ಹಳ್ಳದ ದಂಡೆ ಕುಸಿದ ದಿನವೂ ಉಳಿದ ದಿನಗಳಂತೆಯೇ ಬೆಳಗಾಯಿತು.

ಬೂದವ್ವ ಎಂಬ ಹೇಟೆ ಎಂದಿನಂತೆ ಮರಿಗಳನ್ನು ಸಾಲಾಗಿ ಕರೆದುಕೊಂಡು ಕೆಮ್ಮಣ್ಣಿನ ಗುಂಡಿಗೆ ಹೋದಳು. ಆ ಹಿಂಡಿನ ಮರಿಗಳಿಗೆ ಪಾಠ ಹೇಳುವವಳು ಅವಳೇ. ಯಾವ ಹುಳು ಕಹಿ, ಯಾವ ಕಾಳು ಸಿಹಿ, ಗಿಡುಗನ ನೆರಳು ನೆಲದ ಮೇಲೆ ಹೇಗೆ ಓಡುತ್ತದೆ, ಎಲ್ಲವನ್ನೂ ಅವಳು ನಿಧಾನವಾಗಿ, ತಪ್ಪಿಲ್ಲದೆ ಹೇಳಿಕೊಡುತ್ತಿದ್ದಳು. ಆದರೆ ಮೊದಲ ಪಾಠ ಯಾವಾಗಲೂ ಕೆಮ್ಮಣ್ಣಿನದು.

“ನಮ್ಮ ಕಾಲು ಯಾಕೆ ಕೆಂಪು?” ಎಂದು ಅವಳು ಕೇಳಿದಳು.

“ನೇಸರಪ್ಪ ಹಿಡಿದದ್ದಕ್ಕೆ!” ಎಂದು ಮರಿಗಳು ಒಟ್ಟಿಗೆ ಕೂಗಿದವು.

“ಯಾವಾಗ ಹಿಡಿದ?”

“ಮೊದಲನೇ ಕೋಳಿಯನ್ನು ಮಾಡಿದಾಗ! ಕಾಲು ಹಿಡಿದು ಆಕಾಶದಿಂದ ಮೆಲ್ಲಗೆ ಇಳಿಬಿಟ್ಟ! ಅವನ ಬೆರಳಿನ ಬಣ್ಣ ಕಾಲಿಗೆ ಅಂಟಿತು!”

“ತಲೆಕೆಳಗಾಗಿಯಾ?” ಎಂದಿತು ಒಂದು ಮರಿ.

“ಹೌದು. ಅದಕ್ಕೇ ನಿನ್ನ ತಲೆ ಇನ್ನೂ ನೆಟ್ಟಗಾಗಿಲ್ಲ. ಈಗ ಸುಮ್ಮನೆ ಕಾಲಿಡು,” ಎಂದಳು ಬೂದವ್ವ. “ಅಂಚಿನಲ್ಲಿ ಮಾತ್ರ. ನಡುವೆ ಹೋಗಬೇಡಿ. ಮಳೆಗಾಲದಲ್ಲಿ ಆ ನಡುವಿನ ಕೆಸರಿಗೆ ತಳವೇ ಇರುವುದಿಲ್ಲ.”

ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೊಮ್ಮೆ ಅವಳ ಸ್ವಂತ ಮರಿಯೇ ಚಿಟ್ಟೆಯ ಹಿಂದೆ ಓಡಿ ಗುಂಡಿಯ ನಡುವೆ ಬಿದ್ದಿತ್ತು. ಅವಳು ರೆಕ್ಕೆ ಬಡಿಯುತ್ತ ಮೇಲೆ ಹಾರಿ, ಮುಳುಗುತ್ತಿದ್ದ ಮರಿಯ ಕಾಲನ್ನು ಕೊಕ್ಕಿನಲ್ಲಿ ಕಚ್ಚಿ, ದಡಕ್ಕೆ ಎಳೆದು ಹಾಕಿದ್ದಳು.

ಕಾಲಿಗೆ ಕೆಮ್ಮಣ್ಣು ಮೆತ್ತಿಕೊಂಡ ಮೇಲೆ ಹಿಂಡೆಲ್ಲ ಮೂಡಣಕ್ಕೆ ಮುಖ ಮಾಡಿ ನಿಲ್ಲುತ್ತಿತ್ತು. ಹುಂಜಗಳು ಕೂಗುತ್ತಿದ್ದವು. ಕೂಗದಿದ್ದರೆ ತನ್ನ ಮಕ್ಕಳು ಎಲ್ಲಿದ್ದಾರೆಂದು ನೇಸರಪ್ಪನಿಗೆ ತಿಳಿಯುವುದಿಲ್ಲ, ಬೆಳಕು ಬೇರೆ ಕಾಡಿಗೆ ಹೋಗಿಬಿಡುತ್ತದೆ ಎಂದು ಎಲ್ಲರೂ ನಂಬಿದ್ದರು. ಮಣ್ಣು ಒಣಗಿ ಉದುರುವ ಮೊದಲೇ ಮತ್ತೆ ಬೆಳಗಾಗುತ್ತಿತ್ತು, ಮತ್ತೆ ಹಚ್ಚುತ್ತಿದ್ದರು. ಹೀಗಾಗಿ ಆ ಹಿಂಡಿನಲ್ಲಿ ಯಾರ ಬರಿಗಾಲನ್ನೂ ಯಾರೂ ನೋಡಿರಲಿಲ್ಲ.

ತಾಯಂದಿರನ್ನು ಬಿಟ್ಟರೆ ಬೂದವ್ವ ಮಾತ್ರ ನೋಡಿದ್ದಳು. ಮೊಟ್ಟೆಯೊಡೆದು ಬಂದ ಮರಿಯ ಕಾಲು ಮೊದಲು ಕಾಣುವುದು ತಾಯಿಗೆ, ಆಮೇಲೆ ಗುಂಡಿಗೆ ಕರೆದೊಯ್ಯುವ ಅವಳಿಗೆ. ಅವಳು ನೋಡಿದ್ದರೂ ನೋಡಿದೆ ಎಂದುಕೊಂಡಿರಲಿಲ್ಲ.

ಆ ಮಧ್ಯಾಹ್ನ ದೊಡ್ಡ ಮಳೆ ಸುರಿಯಿತು, ಹಿಂಡೆಲ್ಲ ಆಲದಡಿ ನೆನೆಯದೆ ನಿಂತಿತು. ಹಳ್ಳದ ದಂಡೆ ಕುಸಿದು ಬಿತ್ತು. ಮಳೆ ನಿಂತ ಮೇಲೆ ಬೂದವ್ವನ ಮಗ ಕಿಡಿ ಓಡಿ ಬಂದ. ಹಿಂದೆ ಗುಂಡಿಗೆ ಬಿದ್ದಿದ್ದ ಮರಿ ಇವನೇ, ಈಗ ಎಳೆಯ ಹುಂಜವಾಗಿದ್ದ. ಅವನ ದನಿಯೆಂದರೆ ಹಿಂಡಿಗೆಲ್ಲ ಹೆಮ್ಮೆ. ಹಿಂಡಿನ ಹಿರಿಯ ಜುಟ್ಟಪ್ಪ ತಾನೇ ಕೂತು ಅವನಿಗೆ ಕೂಗಲು ಕಲಿಸಿದ್ದ.

“ಅವ್ವಾ, ಒಂದು ಗಳಿಗೆ ಬಾ. ಏನೋ ಇದೆ. ನೀನೇ ನೋಡಿ ಹೇಳು.”

ದಂಡೆಯ ಕೆಳಗೆ ಚಪ್ಪಟೆಯಾದ ಒಂದು ಕಲ್ಲು ಸೀಳಿ ಬಿದ್ದಿತ್ತು. ಅದರೊಳಗೆ ಒಂದು ಪ್ರಾಣಿಯ ಅಚ್ಚು ಇತ್ತು. ಬೂದವ್ವ ಹತ್ತಿರ ಹೋಗಿ ಒಂದು ಕಣ್ಣಿನಿಂದ ನೋಡಿದಳು, ಆಮೇಲೆ ಇನ್ನೊಂದು ಕಣ್ಣಿನಿಂದ ನೋಡಿದಳು. ಬಾಯಲ್ಲಿ ಸಣ್ಣ ಸಣ್ಣ ಹಲ್ಲುಗಳು. ಹಿಂದೆ ಉಡಕ್ಕೆ ಇರುವಂಥ ಉದ್ದನೆಯ ಬಾಲದ ಮೂಳೆ. ತೋಳಿನ ತುದಿಯಲ್ಲಿ ಉಗುರುಗಳು. ಆ ತೋಳಿನ ಸುತ್ತ, ಬಾಲದ ಎರಡೂ ಬದಿಯಲ್ಲಿ, ಒಂದೊಂದು ಎಳೆಯೂ ಬಿಡಿಸಿಟ್ಟಂತೆ ಗರಿಗಳು.

“ಯಾವುದೋ ಉಡ,” ಎಂದಳು ಅವಳು.

“ಉಡಕ್ಕೆ ಗರಿ ಇದೆಯಾ ಅವ್ವ?”

“ಹಾಗಾದರೆ ಯಾವುದೋ ಕೋಳಿ.”

“ಕೋಳಿಗೆ ಹಲ್ಲು ಇದೆಯಾ?”

ಬೂದವ್ವ ಕಾಲಿನಿಂದ ತರಗೆಲೆ ಕೆದರಿ ಕಲ್ಲಿನ ಮೇಲೆ ಹಾಕಿದಳು. ಗಾಳಿ ಬಂದು ಎಲೆಗಳನ್ನು ಎತ್ತಿಕೊಂಡು ಹೋಯಿತು.

ಕಿಡಿ ಹಳ್ಳಕ್ಕೆ ಇಳಿದು ನೀರಿನಲ್ಲಿ ನಿಂತ. ಕೆಮ್ಮಣ್ಣು ಕರಗಿ ನೀರು ಕೆಂಪಾಗಿ ಹರಿಯಿತು, ಆಮೇಲೆ ತಿಳಿಯಾಯಿತು. ಅವನು ಒಂದು ಕಾಲನ್ನು ಎತ್ತಿ ತಾಯಿಯ ಮುಂದೆ ಹಿಡಿದ. ಮೊಣಕಾಲಿನಿಂದ ಬೆರಳಿನ ತುದಿಯವರೆಗೆ, ಒಂದರ ಮೇಲೊಂದು ಜೋಡಿಸಿದಂತೆ ಹುರುಪೆಗಳ ಸಾಲು. ಉಡದ ಮೈಮೇಲೆ ಇರುವ ಹಾಗೆಯೇ.

“ನಮ್ಮ ಹಳಬರು ಇಂಥ ಪ್ರಾಣಿಯಿಂದಲೇ ಬಂದಿರಬೇಕು,” ಎಂದ ಕಿಡಿ. “ಒಂದೇ ದಿನದಲ್ಲಿ ಅಲ್ಲ. ಹಲ್ಲು ಹೋಗಿದೆ, ಬಾಲ ಮೋಟಾಗಿದೆ, ಗರಿ ಹೆಚ್ಚಿದೆ. ಕಾಲು ಮಾತ್ರ ಹಾಗೇ ಉಳಿದಿದೆ. ಎಷ್ಟು ಮಳೆಗಾಲ ಬೇಕಾಯಿತೋ!” ಅವನ ಕಣ್ಣು ಹೊಳೆಯುತ್ತಿತ್ತು. ಆಮೇಲೆ ಅವನ ಜುಟ್ಟು ಸ್ವಲ್ಪ ಬಾಗಿತು. “ಹಾಗಾದರೆ ನನ್ನ ಕಾಲನ್ನು ಯಾರೂ ಹಿಡಿಯಲಿಲ್ಲವಾ ಅವ್ವ?”

“ಹುಚ್ಚು ಮಾತು ಬಿಡು. ಕತ್ತಲಾಗುವುದರೊಳಗೆ ಮಣ್ಣು ಹಚ್ಚಿಕೊ,” ಎಂದಳು ಬೂದವ್ವ. ಅವಳಿಗೆ ಆಗ ಬೇರೇನೂ ತೋಚಲಿಲ್ಲ.

ಕಿಡಿ ಹಚ್ಚಿಕೊಳ್ಳಲಿಲ್ಲ. ಮರುದಿನ ಬೆಳಗ್ಗೆ ಅವನು ಕೂಗಲೂ ಇಲ್ಲ. ಅವನ ಇಬ್ಬರು ಗೆಳೆಯರು ಕಾಲು ತೊಳೆದುಕೊಂಡು ಅವನ ಜೊತೆ ಸುಮ್ಮನೆ ನಿಂತರು. ಸೂರ್ಯ ಬಿದಿರುಮೆಳೆಯ ಹಿಂದಿನಿಂದ ಎಂದಿನ ಜಾಗದಲ್ಲೇ ಎದ್ದ.

“ನೋಡಿದಿರಾ? ಬಂದ!” ಎಂದು ಗೆಳೆಯರು ಕುಣಿದರು.

“ನಾನು ಕೂಗಿದ್ದಕ್ಕೆ ಬಂದ!” ಎಂದು ಜುಟ್ಟಪ್ಪ ಗದರಿದ. “ನೀವು ಮೂವರು ಸುಮ್ಮನಿದ್ದರೆ ಅವನಿಗೇನು? ನಾನೂ ಬಾಯಿ ಮುಚ್ಚಿದ್ದರೆ ಗೊತ್ತಾಗುತ್ತಿತ್ತು!”

“ಹಾಗಾದರೆ ನಾಳೆ ಮುಚ್ಚಿ ನೋಡು, ತಾತ,” ಎಂದ ಒಬ್ಬ ಗೆಳೆಯ. ಹಿಂಡಿನಲ್ಲಿ ಕೆಲವರು ನಕ್ಕರು. ಜುಟ್ಟಪ್ಪನ ಕೆಂಪು ಜುಟ್ಟು ಮತ್ತಷ್ಟು ಕೆಂಪಾಯಿತು.

ಕಿಡಿ ನಗಲಿಲ್ಲ. ಬೂದವ್ವ ಅವನ ಪಕ್ಕಕ್ಕೆ ಬಂದಾಗ ಅವನು ಮೆಲ್ಲಗೆ ಹೇಳಿದ: “ಕೂಗು ತಾನಾಗಿ ಗಂಟಲಿಗೆ ಬಂದುಬಿಟ್ಟಿತ್ತು ಅವ್ವ. ನುಂಗಿಕೊಂಡೆ. ಸುಳ್ಳು ಕೂಗಬಾರದು ಅಂತ. ಆದರೆ ಬೆಳಕು ಬಂದಾಗ ಏನೂ ಹೇಳದೆ ನಿಲ್ಲೋದು ಎಷ್ಟು ಕಷ್ಟ ಗೊತ್ತಾ?”

ಅಂದಿನಿಂದ ಹಿಂಡಿನಲ್ಲಿ ಕಾಳು ಹೆಕ್ಕುವಾಗಲೂ ಇದೇ ಮಾತು. ಚುಕ್ಕಕ್ಕ ಎಂಬ ವಾಚಾಳಿ ಹೇಟೆ ಎರಡೂ ಕಡೆ ಓಡಾಡಿದಳು. “ನೇಸರಪ್ಪ ಮೊದಲು ಉಡ ಮಾಡಿದ, ಆಮೇಲೆ ಅದನ್ನೇ ತಿದ್ದಿ ತಿದ್ದಿ ಕೋಳಿ ಮಾಡಿದ. ಅವನ ಕೈ, ಅವನ ಕೆಲಸ, ನಿಮಗೇನು ತೊಂದರೆ?” ಎಂದಳು.

“ನಮ್ಮನ್ನು ಉಡದ ನೆಂಟರು ಮಾಡುತ್ತೀಯಾ?” ಎಂದು ಒಂದು ಕಡೆಯವರು ಅವಳನ್ನು ಕುಕ್ಕಿದರು. “ತಾನಾಗಿ ಆದದ್ದಕ್ಕೆ ಕೈ ಯಾಕೆ ಬೇಕು?” ಎಂದು ಇನ್ನೊಂದು ಕಡೆಯವರು ಕುಕ್ಕಿದರು. ಚುಕ್ಕಕ್ಕ ಕುತ್ತಿಗೆಯ ಗರಿ ಕಳೆದುಕೊಂಡು ಪೊದೆಯೊಳಗೆ ಕೂತಳು.

ಜುಟ್ಟಪ್ಪ ಕಲ್ಲನ್ನು ನೋಡಲು ಬರಲೇ ಇಲ್ಲ. “ಅದು ನಮ್ಮನ್ನು ಪರೀಕ್ಷೆ ಮಾಡಲು ನೇಸರಪ್ಪನೇ ಇಟ್ಟ ಕಲ್ಲು,” ಎಂದ. ಆದರೆ ಬೂದವ್ವ ಒಬ್ಬಳೇ ಸಿಕ್ಕಾಗ ಅವನ ದನಿ ಬೇರೆಯಾಗಿತ್ತು. “ಮೊನ್ನೆ ಮುದಿ ಕೊಳ್ಳಕ್ಕ ಸಾಯುವಾಗ ನನ್ನನ್ನು ಕೇಳಿದಳು: ಇಳಿಬಿಟ್ಟವನೇ ಎತ್ತಿಕೊಳ್ಳುತ್ತಾನೆ ಅಲ್ಲವಾ, ಅಂತ. ಹೌದು ಅಂದೆ. ನೆಮ್ಮದಿಯಾಗಿ ಕಣ್ಣು ಮುಚ್ಚಿದಳು. ನಾಳೆ ಇನ್ನೊಬ್ಬರು ಕೇಳಿದರೆ ಏನು ಹೇಳಲಿ, ಪಾಠದವಳೆ? ಹುರುಪೆ ತೋರಿಸಲಾ?”

ಬೂದವ್ವನಿಗೆ ಅವನ ಮೇಲೆ ಕನಿಕರ ಬಂತು, ಮಗನ ಮೇಲೂ ಬಂತು. ಎರಡನ್ನೂ ಅವಳು ಯಾರಿಗೂ ಹೇಳಲಿಲ್ಲ.

ಈ ಜಗಳವೆಲ್ಲ ಒಂದು ನರಿಯ ಕಿವಿಗೆ ಬಿತ್ತು. ಆ ನರಿ ಬಹಳ ಕಾಲದಿಂದ ಕೋಳಿಗಳಿಗಾಗಿ ಬಾಯಲ್ಲಿ ನೀರೂರಿಸಿಕೊಂಡಿತ್ತು. ಆದರೆ ಕೋಳಿಗಳೆಲ್ಲ ಕತ್ತಲಾಗುವ ಮೊದಲೇ ಒಂದು ದೊಡ್ಡ ಆಲದ ಕೊಂಬೆಯ ಮೇಲೆ ಒತ್ತಾಗಿ ಕೂತುಬಿಡುತ್ತಿದ್ದವು. ಸುತ್ತ ಇದ್ದದ್ದೆಲ್ಲ ಬಿದಿರು. ಹೂ ಬಿಟ್ಟ ಬಿದಿರು ಒಣಗಿ ನಿಂತಿತ್ತು, ಕೂತರೆ ಮುರಿಯುತ್ತಿತ್ತು. ಆಲದ ಕೊಂಬೆ ಬಿಟ್ಟರೆ ಆ ಕೋಳಿಗಳಿಗೆ ನೆಲವೇ ಗತಿ.

ನರಿ ಕೆಮ್ಮಣ್ಣಿನ ಗುಂಡಿಯ ಅಂಚಿನಲ್ಲಿ ನಾಲ್ಕೂ ಕಾಲು ಅದ್ದಿಕೊಂಡು ಜುಟ್ಟಪ್ಪ ಕೂತಿದ್ದ ಆಲದ ಮರದ ಕೆಳಗೆ ಬಂತು. ತಲೆ ನೆಲಕ್ಕೆ ತಾಗಿಸಿತು.

“ಹಿರಿಯರೆ, ನಾನೂ ನೇಸರಪ್ಪನ ಒಕ್ಕಲು. ನಿಮ್ಮ ಕೂಗು ಕೇಳಿ ಕೇಳಿ ಮಾಂಸ ಬಿಟ್ಟಿದ್ದೇನೆ. ಬರೀ ಕಾರೆಹಣ್ಣು ತಿನ್ನುತ್ತೇನೆ.”

“ಅದಕ್ಕೇ ಇಷ್ಟು ದಪ್ಪಗಿದ್ದೀಯಾ?” ಎಂದಳು ಪೊದೆಯೊಳಗಿಂದ ಚುಕ್ಕಕ್ಕ.

ನರಿ ಕೇಳಿಸದಂತೆ ಮಾತು ಮುಂದುವರಿಸಿತು. “ನಿಮಗೆ ಕಾವಲಾಗಿ ಇರೋಣ ಅಂತ ಬಂದೆ. ಆದರೆ ಒಂದು ನೋವು. ಕೆಂಪು ಕಾಲಿನವರು ಕೂರುವ ಕೊಂಬೆಯ ಮೇಲೆ ಬರಿಗಾಲಿನವರೂ ಕೂರುತ್ತಾರಂತೆ. ನೇಸರಪ್ಪ ನೋಡಿದರೆ ಏನೆಂದುಕೊಂಡಾನು?”

ಆ ಮಾತು ಜುಟ್ಟಪ್ಪನೊಳಗೆ ಇಳಿಯಿತು.

ಆಮೇಲೆ ನರಿ ಹಳ್ಳದಲ್ಲಿ ಕಾಲು ತೊಳೆದುಕೊಂಡು ಕಲ್ಲಿನ ಬಳಿ ಕಿಡಿಯನ್ನು ಕಂಡಿತು. “ಭಲೇ ತಮ್ಮ! ಈ ಕಾಡಿನಲ್ಲಿ ಬುದ್ಧಿ ಇರುವವರು ನಾವಿಬ್ಬರೇ. ಆ ಮೂಢರ ಕೊಂಬೆ ನಿನಗೇಕೆ? ಈ ಕಲ್ಲಿನ ಮೇಲೆ ಆರಾಮಾಗಿ ಮಲಗು. ನಾನು ಕಾವಲಿರುತ್ತೇನೆ.”

ಕಿಡಿ ನಕ್ಕುಬಿಟ್ಟ. “ನನ್ನ ಕೆಮ್ಮಣ್ಣು ಹೋಗಿದೆ ಅಷ್ಟೆ, ನರಿಯಣ್ಣ. ತಲೆ ಹೋಗಿಲ್ಲ. ನಾನು ನನ್ನ ಅವ್ವನ ಪಕ್ಕದಲ್ಲೇ ಮಲಗುವುದು.”

ಸಂಜೆ ಅವನು ಆಲದ ಮರಕ್ಕೆ ಬಂದ. ಜುಟ್ಟಪ್ಪ ಕೊಂಬೆಯ ಬುಡದಲ್ಲಿ ಅಡ್ಡ ನಿಂತಿದ್ದ.

“ಮಣ್ಣು ಹಚ್ಚಿಕೊಂಡು ಬಾ.”

“ತಾತ, ನನಗೆ ನಂಬಿಕೆ ಇಲ್ಲ. ಇಲ್ಲದ್ದನ್ನು ಕಾಲಿಗೆ ಹೇಗೆ ಹಚ್ಚಿಕೊಳ್ಳಲಿ?”

“ನನಗಾಗಿ ಹಚ್ಚಿಕೊ, ಕೂಸೆ. ಕಲಿಸಿದವನು ಕೇಳುತ್ತಿದ್ದೇನೆ.”

“ನೀನು ಕಲಿಸಿದ್ದು ಒಳಗಿಲ್ಲದ ದನಿ ತೆಗೆಯಬೇಡ ಅಂತ ಅಲ್ಲವಾ ತಾತ?”

ಜುಟ್ಟಪ್ಪ ಮುಖ ತಿರುಗಿಸಿದ. ಆದರೂ ಅವನು ಜರುಗಲಿಲ್ಲ. ಕಿಡಿಯ ಇಬ್ಬರು ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಲ್ಲಗೆ ಗುಂಡಿಯ ಕಡೆ ಹೋಗಿ, ಕಾಲು ಕೆಂಪು ಮಾಡಿಕೊಂಡು ಬಂದು, ತಲೆ ತಗ್ಗಿಸಿ ಕೊಂಬೆ ಹತ್ತಿದರು.

ಕಿಡಿ ಮೇಲೆ ನೋಡಿದ. ಹಿಂಡೆಲ್ಲ ಬೂದವ್ವನ ಕಡೆ ನೋಡಿತು. ಅವಳು ಪಾಠದವಳು, ಮರಿಗಳ ಗುರು. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು “ಬಾ ಮಗ” ಎಂದಿದ್ದರೆ ಯಾರೂ ಅಡ್ಡ ಬರುತ್ತಿರಲಿಲ್ಲ. ಬಹುಶಃ ಜುಟ್ಟಪ್ಪನೂ ಅದಕ್ಕೇ ಕಾಯುತ್ತಿದ್ದ. ಆದರೆ ನಾಳೆ ಮರಿಗಳ ಮುಂದೆ ಯಾವ ಪಾಠ ಹೇಳಲಿ ಎಂಬ ಅಳುಕು ಅವಳ ಕಾಲು ಕಟ್ಟಿತು. ಅವಳು ಕೊಂಬೆಯ ತುದಿಯ ಎಲೆಯೊಂದನ್ನು ನೋಡುತ್ತ ಕೂತಳು.

“ಚಳಿ ಇದೆ ಅವ್ವ. ಒಳಗೆ ಸರಿದು ಕೂತುಕೊ,” ಎಂದು ಹೇಳಿ ಕಿಡಿ ಹಳ್ಳದ ಕಡೆ ನಡೆದ.

ಬೆಳಗ್ಗೆ ಕಲ್ಲಿನ ಸುತ್ತ ಗರಿಗಳು ಬಿದ್ದಿದ್ದವು. ಕತ್ತಿನ ಚಿನ್ನದ ಚುಕ್ಕೆಯ ಗರಿಗಳು, ಬಾಲದ ಕಪ್ಪು ಗರಿಗಳು. ಬೇರೇನೂ ಇರಲಿಲ್ಲ.

ಹಿಂಡು ಸೇರುವಷ್ಟರಲ್ಲಿ ನರಿ ಅಳುತ್ತ ಓಡಿ ಬಂತು. “ಅಯ್ಯೋ, ಹಿರಿಯರೆ! ಆ ಕಲ್ಲು ಬಾಯಿ ತೆರೆದು ಹುಡುಗನನ್ನು ನುಂಗಿತಂತೆ! ನೇಸರಪ್ಪನ ಸಿಟ್ಟು!”

ಕೆಲವರು ಹೆದರಿ ಕಣ್ಣು ಮುಚ್ಚಿಕೊಂಡರು. ಬೂದವ್ವ ಕಣ್ಣು ಮುಚ್ಚಲಿಲ್ಲ. ಗರಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕಲ್ಲನ್ನು ನೋಡಿದಳು. ಮಗನ ಕಾಲು ಬರಿಗಾಲು, ಅದರ ಗುರುತು ಕಲ್ಲಿನ ಮೇಲೆ ಬಿದ್ದಿರಲಿಲ್ಲ. ಆದರೆ ಅಲ್ಲಿ ಕೆಮ್ಮಣ್ಣಿನ ಹೆಜ್ಜೆಗಳಿದ್ದವು. ಕೋಳಿಯ ಹೆಜ್ಜೆಯಲ್ಲ. ದುಂಡನೆಯ ಅಂಗಾಲು, ಮುಂದೆ ಬೆರಳುಗಳು, ಅದರ ಮುಂದೆ ಉಗುರು. ಹಿಂದಿನ ಸಂಜೆ ಕಿಡಿ ಹೋದ ಮೇಲೆ ನರಿ ಮತ್ತೆ ಕಾಲಿಗೆ ಕೆಮ್ಮಣ್ಣು ಮೆತ್ತಿಕೊಂಡು ಬಂದು ಜುಟ್ಟಪ್ಪನ ಮುಂದೆ ಭಕ್ತನಾಗಿ ಕೂತಿತ್ತು, ಅಲ್ಲಿಂದ ನೇರವಾಗಿ ಇಲ್ಲಿಗೆ ಬಂದಿತ್ತು. ಅವಸರದಲ್ಲಿ ಕಾಲು ತೊಳೆಯಲು ಮರೆತಿತ್ತು.

ಬೂದವ್ವ ಅಳಲಿಲ್ಲ, ಕಿರುಚಲಿಲ್ಲ. ಮರಿಗಳಿಗೆ ಪಾಠ ಹೇಳುವ ದನಿಯಲ್ಲೇ ಹೇಳಿದಳು: “ನರಿಯಣ್ಣ, ನಿನ್ನಂಥ ಭಕ್ತ ಇನ್ನೊಬ್ಬನಿಲ್ಲ. ಇಂದಿನಿಂದ ನೀನು ನಮ್ಮ ಮರಿಗಳ ಕಾವಲಿಗೆ ಇರು. ಹಗಲೂ ರಾತ್ರಿ ಅವುಗಳ ನಡುವೆಯೇ ಇರು.”

ನರಿಯ ಬಾಲ ತಾನಾಗಿ ಅಲ್ಲಾಡಿತು. “ನಿಮ್ಮ ದಯೆ, ತಾಯಿ.”

“ಆದರೆ ಕಾವಲುಗಾರನಿಗೆ ಅಂಚಿನ ಮಣ್ಣು ಸಾಲದು. ಗುಂಡಿಯ ನಡುವೆ ಇರುವ ಮಣ್ಣು ಬಹಳ ಕೆಂಪು. ಎದೆಯವರೆಗೆ ಅದ್ದಿಕೊಂಡು ಬಾ.”

ಚುಕ್ಕಕ್ಕ ಏನೋ ಹೇಳಲು ಬಾಯಿ ತೆರೆದಳು. ಬೂದವ್ವ ಅವಳ ಕಾಲನ್ನು ಬಲವಾಗಿ ತುಳಿದಳು.

ನರಿ ಗುಂಡಿಯನ್ನು ನೋಡಿತು. ಮೇಲೆ ನುಣ್ಣಗೆ, ನೆಲದಂತೆಯೇ ಕಾಣುತ್ತಿತ್ತು. ಕೋಳಿಮರಿಗಳು ದಿನವೂ ಆಡುವ ಜಾಗ ತನ್ನನ್ನು ಏನು ಮಾಡೀತು ಎಂದುಕೊಂಡಿತು. ನೆಗೆದು ನಡುವಿಗೆ ಹೋಯಿತು. ಕಾಲು ಇಳಿಯಿತು, ಎದೆ ಇಳಿಯಿತು. ಎದ್ದು ಬರಲು ಒದ್ದಾಡಿದಷ್ಟೂ ಇನ್ನಷ್ಟು ಇಳಿಯಿತು.

“ಎಳೆಯಿರಿ! ಎಳೆಯಿರಿ ನನ್ನನ್ನು!”

“ಕಲ್ಲಿನ ಮೇಲೆ ನಿನ್ನ ಹೆಜ್ಜೆ ಇದೆ,” ಎಂದಳು ಬೂದವ್ವ. “ಕೆಂಪು ಹೆಜ್ಜೆ.”

ಜುಟ್ಟಪ್ಪ ಓಡಿ ಹೋಗಿ ಕಲ್ಲನ್ನು ನೋಡಿದ. ಅವನು ಆ ಕಲ್ಲನ್ನು ನೋಡಿದ್ದು ಅದೇ ಮೊದಲು. ಅವನು ಹಿಂದಿರುಗಿ ಬಂದಾಗ ನರಿಯ ಕತ್ತಷ್ಟೇ ಮೇಲಿತ್ತು. ಅದರ ಮುಖದಲ್ಲಿ ಈಗ ನಯವಿರಲಿಲ್ಲ.

“ಕೊಂಬೆಯಿಂದ ಇಳಿಸಿದವರು ನೀವು,” ಎಂದಿತು ನರಿ. “ಅವನು ನನ್ನ ಮಾತು ನಂಬಲೇ ಇಲ್ಲ. ನಿಮ್ಮ ಹತ್ತಿರ ಬಂದಿದ್ದ. ನಾನು ತಿಂದೆ, ಅಷ್ಟೆ.”

ಸ್ವಲ್ಪ ಹೊತ್ತಿನಲ್ಲಿ ಕೆಮ್ಮಣ್ಣು ಮತ್ತೆ ನುಣ್ಣಗಾಯಿತು.

ಸಂಜೆ ಆಲದ ಕೊಂಬೆಯ ಮೇಲೆ ಬೂದವ್ವನಿಗೆ ಮಗನ ಪ್ರಶ್ನೆ ನೆನಪಾಯಿತು. ನನ್ನ ಕಾಲನ್ನು ಯಾರೂ ಹಿಡಿಯಲಿಲ್ಲವಾ ಅವ್ವ? ಕೆಸರಿನಲ್ಲಿ ಮುಳುಗುತ್ತಿದ್ದ ಆ ಸಣ್ಣ ಕಾಲಿನ ರುಚಿ ಅವಳ ಕೊಕ್ಕಿಗೆ ಇನ್ನೂ ನೆನಪಿತ್ತು. ನಾನು ಹಿಡಿದಿದ್ದೆನಲ್ಲ ಮಗ, ಎಂದು ಹೇಳಬಹುದಿತ್ತು. ಅದಕ್ಕೆ ಕಲ್ಲೂ ಅಡ್ಡಿಯಾಗುತ್ತಿರಲಿಲ್ಲ, ನೇಸರಪ್ಪನೂ ಅಡ್ಡಿಯಾಗುತ್ತಿರಲಿಲ್ಲ. ಆ ಉತ್ತರ ಅವಳಿಗೆ ಹೊಳೆದದ್ದು ಈಗ.

ಜುಟ್ಟಪ್ಪ ಕೊಂಬೆಯ ಬುಡದಿಂದ ಸರಿದು ಅವಳ ಹತ್ತಿರ ಬಂದ. “ಪಾಠದವಳೆ, ನಾನು…” ಎಂದ.

“ನಾನೂ,” ಎಂದಳು ಬೂದವ್ವ.

ಮರುದಿನ ಬೆಳಗ್ಗೆ ಗುಂಡಿಯ ಬಳಿ ಯಾರೂ ಹೋಗಲಿಲ್ಲ. ನರಿ ಮಲಗಿದ ಮಣ್ಣನ್ನು ಕಾಲಿಗೆ ಹಚ್ಚಿಕೊಳ್ಳಲು ಯಾರಿಗೂ ಮನಸ್ಸಾಗಲಿಲ್ಲ. ಆ ಕಾಡಿನಲ್ಲಿ ಬೇರೆ ಕೆಮ್ಮಣ್ಣು ಇರಲಿಲ್ಲ. ಹಿಂದಿನ ರಾತ್ರಿ ಸುರಿದ ಮಳೆ ಹಳೆಯ ಮಣ್ಣನ್ನೂ ತೊಳೆದು ಹಾಕಿತ್ತು. ಹಿಂಡು ಎಂದಿನ ಜಾಗದಲ್ಲಿ ಮೂಡಣಕ್ಕೆ ಮುಖ ಮಾಡಿ ನಿಂತಿತು.

ಮರಿಗಳು ಬೂದವ್ವನ ಸುತ್ತ ಸೇರಿದವು. “ಗುರುವವ್ವ, ನಮ್ಮ ಕಾಲು ಯಾಕೆ ಕೆಂಪು ಅಂತ ಇವತ್ತು ಕೇಳುವುದಿಲ್ಲವಾ?” ಎಂದಿತು ತಲೆಕೆಳಗಿನ ಪ್ರಶ್ನೆ ಕೇಳಿದ್ದ ಮರಿ.

“ಇವತ್ತು ಬೇಡ,” ಎಂದಳು ಬೂದವ್ವ. “ಇವತ್ತು ಒತ್ತಾಗಿ ನಿಲ್ಲಿ. ಪಕ್ಕದವರಿಗೆ ಜಾಗ ಬಿಟ್ಟು ನಿಲ್ಲುವುದು ಹೇಗೆ ಅಂತ ಕಲಿಯೋಣ.”

ಬಿದಿರುಮೆಳೆಯ ಹಿಂದಿನಿಂದ ಬೆಳಕು ಬಂತು. ಮೊದಲು ಜುಟ್ಟುಗಳ ಮೇಲೆ ಬಿತ್ತು, ಆಮೇಲೆ ಬೆನ್ನಿನ ಮೇಲೆ, ಕೊನೆಗೆ ಕಾಲುಗಳ ಮೇಲೆ.

ಜುಟ್ಟಪ್ಪನ ಕಾಲಿನ ಮೇಲೂ ಹುರುಪೆಗಳಿದ್ದವು.

ನೀತಿ: ನಂಬಿಕೆ ಬೇರೆಯಾಯಿತೆಂದು ನಮ್ಮವರಿಗೆ ಪಕ್ಕದಲ್ಲಿ ಜಾಗ ಕೊಡದೆ ಇರಬಾರದು. ನಾವು ಕೈಬಿಟ್ಟವರಿಗಾಗಿ ಕೆಳಗೆ ಒಬ್ಬ ಕಾಯುತ್ತಿರುತ್ತಾನೆ. ಅವನಿಗೆ ಶಿಕ್ಷೆಯಾದರೂ ಹೋದವರು ಬರುವುದಿಲ್ಲ.